ಉದ್ದ ಕೀಲಿಯ ಸದ್ದು

ಟೈಪಿಂಗ್ ಮೇಡಂ ಅವರ ಕಂಪ್ಯೂಟರ್ ಬೆಳಗ್ಗೆ ಹತ್ತೂವರೆಗೆ ಕಣ್ಣು ಮುಚ್ಚಿತು. ಮುಚ್ಚಲಿಕ್ಕೆ ಅದಕ್ಕೆ ಬೇರೆ ದಿನವೇ ಸಿಗಲಿಲ್ಲ ನೋಡಿ. ಅವತ್ತೇ ನಾಲ್ಕು ಗಂಟೆಗೆ ಪ್ರೆಸ್ಸಿನವರು ಬಂದು ಮೇಡಂ ಅವರ ಅಕ್ಕನ ಪುಸ್ತಕವನ್ನು ಒಯ್ಯುವವರಿದ್ದರು. ಅಕ್ಕ ಮೂವತ್ತೆಂಟು ವರ್ಷ ಆಸ್ಪತ್ರೆಯಲ್ಲಿ ನರ್ಸಾಗಿದ್ದವರು. ಕಣ್ಣು ಪೂರ್ತಿ ಹೋದ ಮೇಲೆ ಒಂದೂವರೆ ವರ್ಷ ಕೂತು ತಮ್ಮ ಬದುಕನ್ನು ಬಾಯಲ್ಲಿ ಹೇಳಿದ್ದರು, ತಂಗಿಯಾದ ಮೇಡಂ ಪಕ್ಕದಲ್ಲಿ ಕೂತು ಟೈಪ್ ಮಾಡಿದ್ದರು. ನೂರಾ ಎಂಬತ್ತು ಪುಟ. ಇನ್ನೊಂದು ಪ್ರತಿ ಇರಲಿಲ್ಲವೇ ಎಂದು ಮಾತ್ರ ಕೇಳಬೇಡಿ. ಇದ್ದಿದ್ದರೆ ಈ ಕತೆ ಯಾಕೆ ಹೇಳುತ್ತಿದ್ದೆ?

"ಇನ್ನೊಂದ್ ಸಲ ಹೇಳು ಅಂದ್ರೆ ನನ್ ಕೈಲಾಗಲ್ಲ ಕಣೇ" ಎಂದು ಕೊನೆಯ ಪುಟದ ದಿನವೇ ಅಕ್ಕ ಹೇಳಿಬಿಟ್ಟಿದ್ದರು. ಎಂಬತ್ತೊಂದು ವರ್ಷದ ಜೀವ. ಆ ಮಾತು ನೆನಪಾಗಿ ಮೇಡಂ ಫೋನಿಗೆ ಕೈ ಹಾಕಿದರು.

ತಪ್ಪು ಅವರದೇ. ಹಳೆಯ ಕಂಪ್ಯೂಟರ್ ತೆವಳುತ್ತದೆ ಎಂದು ಹೋದ ವಾರವಷ್ಟೇ ಇಣುಕಪ್ಪ ಅದಕ್ಕೆ ಹೊಸ ಡಿಸ್ಕ್ ಕೂರಿಸಿ ಲಿನಕ್ಸ್ ಎಂಬ ಹೊಸ ವ್ಯವಸ್ಥೆ ಹಾಕಿಕೊಟ್ಟಿದ್ದ. ಹಳೆಯ ಡಿಸ್ಕ್ ಒಳಗೇ ಇತ್ತು, ಪುಸ್ತಕ ಇದ್ದದ್ದು ಅದರಲ್ಲಿ. "ಏನೇ ಕೇಳಿದ್ರೂ ನನ್ನ ಕೇಳದೆ ಹೂಂ ಅನ್ಬೇಡಿ ಮೇಡಂ" ಎಂದು ಹೇಳಿ ಹೋಗಿದ್ದ. ಈವತ್ತು ಪರದೆಯ ಮೇಲೆ ಒಂದು ಚೌಕ ಮೂಡಿ, ಪರದೆಯನ್ನು ನಡೆಸುವ ಹೊಸ ಡ್ರೈವರ್ ತಂತ್ರಾಂಶ ಹಾಕಲೇ ಎಂದು ವಿನಯವಾಗಿ ಕೇಳಿತು. ಅಷ್ಟು ವಿನಯವಾಗಿ ಕೇಳಿದರೆ ಬೇಡ ಅನ್ನಲು ಮನಸ್ಸು ಬಂದೀತೇ! ಹೂಂ ಎಂದರು. ಯಂತ್ರ ಒಮ್ಮೆ ಆರಿ ಹತ್ತಿತು, ಆಮೇಲೆ ಪರದೆ ಕಪ್ಪೋ ಕಪ್ಪು.

ಇಣುಕಪ್ಪ ಎಂದರೆ ಯಾರೋ ಎಳೆಯ ಹುಡುಗನಲ್ಲ. ಎರಡು ಬೀದಿ ಆಚೆ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವ, ಮೀಸೆ ನರೆತ ಗೃಹಸ್ಥ. ಒಂದು ಕಾಲಕ್ಕೆ ಮೇಡಂ ಅವರ ಟೈಪಿಂಗ್ ಶಾಲೆಯ ಶಿಷ್ಯ. ಕೀಲಿಗಳು ಕಾಣದಂತೆ ಕೈಮೇಲೆ ಹೊದಿಸಿದ ಬಟ್ಟೆಯನ್ನು ಎತ್ತಿ ಎತ್ತಿ ಇಣುಕುತ್ತಿದ್ದವನಿಗೆ ಅವರೇ ಇಟ್ಟ ಹೆಸರು. "ನಾನು ಪರೀಕ್ಷೆ ಒಂದೇ ಏಟಿಗೆ ಪಾಸಾದೋಳು ಕಣೋ, ಒಂದಿನಾನೂ ಇಣುಕಿಲ್ಲ" ಎಂದು ಅವನಿಗೆ ಬೈದದ್ದಕ್ಕೆ ಲೆಕ್ಕವಿಲ್ಲ.

ಫೋನಿನಲ್ಲಿ ಇಣುಕಪ್ಪ ಬೈಯಲಿಲ್ಲ. "ಕ್ಯಾಪ್ಸ್ ಲಾಕ್ ಒತ್ತಿ ಮೇಡಂ. ಕೀಬೋರ್ಡ್ ಮೇಲೆ ದೀಪ ಹತ್ತುತ್ತಾ?"

"ಹತ್ತುತ್ತೆ."

"ಇನ್ನೊಂದ್ ಸಲ ಒತ್ತಿ."

"ಆರ್ತು."

"ಹಾಗಾದ್ರೆ ಜೀವ ಇದೆ. ಕಂಪ್ಯೂಟರ್ ಸತ್ತಿಲ್ಲ, ಪರದೆ ಮಾತ್ರ ಮುನಿಸ್ಕೊಂಡಿದೆ. ನಾನು ಬರೋದು ಮಧ್ಯಾಹ್ನ ಆಗುತ್ತೆ, ಅಂಗಡಿ ತುಂಬ ಜನ. ಬೇರೆ ಯಾರಾದ್ರೂ ಆಗಿದ್ರೆ ಕಾಯಿರಿ ಅಂತಿದ್ದೆ. ನೀವು ಕಾಣ್ದೇನೇ ಟೈಪ್ ಮಾಡ್ತೀರಲ್ಲ?"

ಮೇಡಂ ಬೆನ್ನು ನೆಟ್ಟಗೆ ಮಾಡಿ ಕೂತರು. ಅವನು ಹೇಳಿದಂತೆ ಮೂರು ಕೀಲಿ ಒಟ್ಟಿಗೆ ಒತ್ತಿದರು, ಹೆಸರು ಹೊಡೆದರು, ಪಾಸ್‌ವರ್ಡ್ ಹೊಡೆದರು. ಕಪ್ಪು ಗಾಜಿನಲ್ಲಿ ಅವರ ಮುಖವೇ ಅವರನ್ನು ನೋಡುತ್ತಿತ್ತು. ಹೊಸ ಡ್ರೈವರನ್ನು ಕಿತ್ತುಹಾಕುವ ಆಜ್ಞೆಯನ್ನು ಇಣುಕಪ್ಪ ಒಂದೊಂದೇ ಅಕ್ಷರವಾಗಿ ಹೇಳುತ್ತಾ ಹೋದ. "ಎಲ್ಲಾ ಸಣ್ಣಕ್ಷರ ಮೇಡಂ. ಸಾಲಿನ ಮೊದಲಕ್ಷರ ದೊಡ್ಡದು ಮಾಡೋ ಅಭ್ಯಾಸ ಈವತ್ತೊಂದಿನ ಬಿಟ್ಬಿಡಿ."

"ಬಾಯಿ ಮುಚ್ಕೊಂಡು ಅಕ್ಷರ ಹೇಳೋ!"

ಪಕ್ಕದ ಕೋಣೆಯಿಂದ ಅಕ್ಕ ಕೂಗಿದರು: "ಯಾರ ಮೇಲೇ ರೇಗ್ತಿದ್ದೀಯ? ಎಲ್ಲಾ ಸರಿ ಇದೆ ತಾನೆ?"

"ಸರಿ ಇದೆ ಅಕ್ಕಾ" ಎಂದು ಮೇಡಂ ಸುಳ್ಳು ಹೇಳಿದರು. ಹೇಳಿ, ಎಂಟರ್ ಒತ್ತಿದರು. ಒಳಗೆ ಡಿಸ್ಕ್ ಗುರ್ ಎಂದಿತು. ಮತ್ತೆ ಪಾಸ್‌ವರ್ಡ್, ಮತ್ತೆ ಗುರ್. ಆಮೇಲೆ ಯಂತ್ರ ತಾನಾಗಿ ಆರಿ ಹತ್ತಿತು. ಪರದೆಯ ಮೇಲೆ ಬೆಟ್ಟದ ಚಿತ್ರ ಬಂದಾಗ ಮೇಡಂ "ಅಬ್ಬಾ" ಎಂದು ಕುರ್ಚಿಗೆ ಒರಗಿದರು.

ಆದರೆ ಹಳೆಯ ಡಿಸ್ಕ್ ತೆರೆಯಲಿಲ್ಲ. ಒತ್ತಿದಷ್ಟು ಸಲವೂ ಆಗುವುದಿಲ್ಲ ಎಂಬ ಸಂದೇಶ. ಪಕ್ಕದಲ್ಲೇ ಇನ್ನೊಂದು ಚೌಕದಲ್ಲಿ ಫಾರ್ಮ್ಯಾಟ್ ಎಂಬ ಸಾಲು ಕಂಡು, ಅದನ್ನು ಗಟ್ಟಿಯಾಗಿ ಓದುತ್ತಾ ಬೆರಳನ್ನು ಅತ್ತ ಒಯ್ದರು. ಫೋನಿನಲ್ಲಿ ಇಣುಕಪ್ಪ ಕಿರುಚಿದ: "ಮುಟ್ಟಬೇಡಿ! ಅದನ್ನ ಒತ್ತಿದ್ರೆ ಪುಸ್ತಕ ಗೋವಿಂದ. ಕೈ ಮಡಚ್ಕೊಂಡು ಕೂತಿರಿ, ಬಂದೆ."

ಅವನು ಅಂಗಡಿಗೆ ಬಾಗಿಲು ಹಾಕಿಕೊಂಡು ಬರುವ ಹೊತ್ತಿಗೆ ಒಂದೂವರೆ. ಬಂದವನೇ ಕಾರಣ ಹಿಡಿದ. ಹಳೆಯ ಡಿಸ್ಕಿನಲ್ಲಿದ್ದ ಮೊದಲಿನ ವ್ಯವಸ್ಥೆಯನ್ನು ಪೂರ್ತಿ ಮುಚ್ಚದೆ ಅರೆನಿದ್ದೆಯಲ್ಲಿ ಬಿಡಲಾಗಿತ್ತು, ಅದಕ್ಕೇ ಡಿಸ್ಕಿಗೆ ಬೀಗ ಬಿದ್ದಿತ್ತು. "ಇದು ನನ್ ತಪ್ಪು ಮೇಡಂ, ನಾನೇ ಸರಿಯಾಗಿ ಮುಚ್ಚಿರಲಿಲ್ಲ" ಎಂದು ಕೆನ್ನೆ ಕೆರೆದುಕೊಂಡ. ಓದಲಿಕ್ಕೆ ಮಾತ್ರ ಎಂಬ ಶರತ್ತಿನ ಮೇಲೆ ಡಿಸ್ಕ್ ತೆರೆಸಿದ. ಪುಸ್ತಕ ಅಲ್ಲೇ ಇತ್ತು. ಹೊಸ ಡಿಸ್ಕಿಗೆ ಒಂದು ಪ್ರತಿ, ಜೇಬಿನಲ್ಲಿದ್ದ ಪೆನ್‌ಡ್ರೈವಿಗೆ ಇನ್ನೊಂದು ಪ್ರತಿ ಮಾಡಿ, ತೆರೆದು ಪುಟ ಸರಿಸುತ್ತಾ ಬಂದ. ತೊಂಬತ್ತನಾಲ್ಕನೇ ಪುಟದಲ್ಲಿ ಕೈ ನಿಂತಿತು.

"ಇದೇನ್ ಮೇಡಂ? ಹನ್ನೊಂದು ಸಾಲು ಖಾಲಿ ಹೊಡೀತಿದೆ. ಅಯ್ಯೋ, ಡಿಸ್ಕ್ ಇಲ್ಲಿ ಕೆಟ್ಟಿದೆ ಅಂತ ಕಾಣುತ್ತೆ."

ಮೇಡಂ ನೋಡಿದರು. ನೋಡಬೇಕಾದ್ದೇನೂ ಇರಲಿಲ್ಲ, ಅವರಿಗೆ ಗೊತ್ತೇ ಇತ್ತು. ಡಿಸ್ಕ್ ಕೆಟ್ಟಿದೆ ಎಂದು ಹೂಂಗುಟ್ಟಿದರೆ ಅಲ್ಲಿಗೆ ಮುಗಿಯಿತು. ಅಕ್ಕನಿಗೂ ಹಾಗೇ ಹೇಳಬಹುದು, ಪಾಪದ ಡಿಸ್ಕ್ ಎದುರು ಮಾತಾಡುವುದಿಲ್ಲ. ಈವತ್ತು ಒಂದು ಹೂಂ ಅಂದು ಆಗಿದ್ದ ಫಜೀತಿಯೂ ಕಣ್ಣ ಮುಂದೆ ಬಂತು.

"ಡಿಸ್ಕ್ ಏನೂ ಕೆಟ್ಟಿಲ್ಲ ಕಣಪ್ಪ" ಎಂಬ ಮಾತು ಬಂತು. ಆಡಿದವರು ಮೇಡಂ ಅಲ್ಲ. ಗೋಡೆ ಹಿಡಿದುಕೊಂಡು ಅಕ್ಕ ಬಾಗಿಲಲ್ಲಿ ನಿಂತಿದ್ದರು. "ಅವತ್ತು ಹನ್ನೊಂದು ಸಾಲು ಅವಳು ಬರೀ ಉದ್ದ ಕೀಲಿ ಕುಟ್ಟಿದ್ಲು, ಪದದ ಮಧ್ಯೆ ಜಾಗ ಬಿಡೋಕೆ ಒತ್ತೋದು. ಸಾಲು ಮುಗಿದ ಕಡೆ ಮಾತ್ರ ಎಂಟರ್. ಅಕ್ಷರದ ಸದ್ದೇ ಬೇರೆ, ಅದ್ರ ಸದ್ದೇ ಬೇರೆ. ಕಣ್ಣಿಲ್ಲ ಅಂದ್ರೆ ಕಿವೀನೂ ಇಲ್ವೇ?"

"ಗೊತ್ತಿತ್ತಾ ಅಕ್ಕಾ?" ಮೇಡಂ ಬಾಗಿಲತ್ತ ತಿರುಗಿದರು. "ಮತ್ತೆ ಯಾಕೆ ಸುಮ್ಮನಿದ್ದೆ?"

"ನಿನಗೆ ಬೇಡ ಅನ್ನಿಸ್ತು, ಬಿಟ್ಟೆ. ಹೇಳೋದು ನನ್ ಕೆಲಸ, ಬರೆಯೋದು ನಿಂದು."

ಇಣುಕಪ್ಪ ಇಬ್ಬರ ಮುಖವನ್ನೂ ನೋಡಿ, ಎದ್ದು ಹೊರಡುವವನಂತೆ ಚೀಲಕ್ಕೆ ಕೈ ಹಾಕಿದ. "ಕೂತ್ಕೋ" ಎಂದರು ಮೇಡಂ. ಅಕ್ಕನಿಗೆ ಕುರ್ಚಿ ಎಳೆದುಕೊಟ್ಟರು. ತಾವು ಕೀಬೋರ್ಡ್ ಮುಂದೆ ಕೂತು, ಅಕ್ಕ ಅವತ್ತು ಹೇಳಿದ್ದ ಸಾಲುಗಳನ್ನು ಟೈಪ್ ಮಾಡುತ್ತಾ ಗಟ್ಟಿಯಾಗಿ ಹೇಳತೊಡಗಿದರು.

"ನನ್ನ ತಂಗಿ ಟೈಪಿಂಗ್ ಪರೀಕ್ಷೆಯಲ್ಲಿ ಎರಡು ಸಲ ಫೇಲಾದಳು. ಕೀಲಿ ನೋಡದೆ ಅವಳಿಗೆ ಒಂದು ಸಾಲೂ ಬರುತ್ತಿರಲಿಲ್ಲ."

ಇಣುಕಪ್ಪನ ಬಾಯಿ ತೆರೆದದ್ದು ಮುಚ್ಚಲಿಲ್ಲ.

"ಮೂರನೇ ಸಲಕ್ಕೆ ನಾನು ದಿನಾ ಪಾಳಿ ಮುಗಿಸಿ ಬಂದು ಅವಳ ಕಣ್ಣಿಗೆ ಬ್ಯಾಂಡೇಜು ಸುತ್ತುತ್ತಿದ್ದೆ. ನಾನು ಓದುವುದು, ಅವಳು ಹೊಡೆಯುವುದು. ನನಗೆ ಟೈಪಿಂಗ್ ಬರುತ್ತಿರಲಿಲ್ಲ. ಸದ್ದು ಕೇಳಿ ಕೇಳಿ, ತಪ್ಪು ಬಿದ್ದ ಕಡೆ ತಪ್ಪು ಎನ್ನಲು ಕಲಿತೆ. ಮೂರು ತಿಂಗಳು ಹೀಗೇ ನಡೆಯಿತು. ನಾನು ಕುಡಿಯುವ ನೀರನ್ನೂ ಅವಳೇ ಕಾಯಿಸಿಡುತ್ತಿದ್ದಳು, ಕಣ್ಣಿಗೆ ಪಟ್ಟಿ ಇದ್ದಾಗಲೂ."

ಒಂದೂವರೆ ವರ್ಷದಲ್ಲಿ ಅಕ್ಕ ಹೇಳಿದ ಬೇರೆ ಯಾವ ಪುಟವೂ ಮೇಡಂಗೆ ಬಾಯಿಪಾಠವಿರಲಿಲ್ಲ. ಬರೆಯದೆ ಬಿಟ್ಟ ಈ ಹನ್ನೊಂದು ಸಾಲು ಮಾತ್ರ ಒಂದಕ್ಷರ ಬಿಡದೆ ಇತ್ತು. ಪರದೆ ಕಲಸಿಹೋಗತೊಡಗಿತು. ಡ್ರೈವರ್ ಅಲ್ಲ, ಕಣ್ಣೀರು. ಒರೆಸಿಕೊಳ್ಳಲು ಕೈ ಎತ್ತದೆ, ಕಣ್ಣು ಮುಚ್ಚಿಕೊಂಡು ಕೊನೆಯ ಸಾಲಿಗೆ ಬಂದರು.

"ಅವಳು ಪಾಸಾದ ದಿನ ನಾನು ವಾರ್ಡಿಗೆಲ್ಲ ಹೇಳಿಕೊಂಡು ಬಂದೆ."

"ತಪ್ಪು" ಎಂದರು ಅಕ್ಕ.

ಇಣುಕಪ್ಪ ಬಗ್ಗಿ ನೋಡಿದ. ಹೌದು, ಕೊನೆಯ ಪದದಲ್ಲಿ ಒಂದಕ್ಷರ ತಪ್ಪಿ ಬಿದ್ದಿತ್ತು. ಮೇಡಂ ಕಣ್ಣು ತೆರೆಯದೆಯೇ ಹಿಂದೆ ಸರಿದು ಅದನ್ನು ಅಳಿಸಿ, ಸರಿಯಾದ ಅಕ್ಷರ ಹೊಡೆದರು.

"ಈಗ ಸರಿ" ಎಂದರು ಅಕ್ಕ.