ಅಜ್ಜನ ಮೂಗಿನ ಮೇಲಿನ ಊರು

ಪುತ್ತೂರಿನ ಮಹಾಲಿಂಗ ಭಟ್ಟರು ಮಕ್ಕಳ ಪುಸ್ತಕದ ಬಗ್ಗೆ ಭಾಷಣಕ್ಕೆ ನಿಂತರೆ ಮೈಕಿಗೇ ಆಯಾಸವಾಗಬೇಕು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಪಾಠ ಮಾಡಿ ನಿವೃತ್ತರಾದವರು. ಕಲಿಸಿದ್ದು ವಿಜ್ಞಾನ, ಅದು ನೆನಪಿರಲಿ. “ಮಕ್ಕಳ ಕೈಗೆ ಬಣ್ಣ ಕೊಡಿ, ಕಲ್ಪನೆಗೆ ಬೇಲಿ ಹಾಕಬೇಡಿ” ಎಂದು ಅವರು ಹೇಳಿದಾಗಲೆಲ್ಲ ಸಭೆ ಚಪ್ಪಾಳೆ ತಟ್ಟುತ್ತಿತ್ತು. ಅವರ ಮನೆಯ ಬೇಲಿ ಎಲ್ಲಿದೆಯೆಂದು ಸಭೆಗೆ ಗೊತ್ತಿರಲಿಲ್ಲ. ಸೊಸೆ ಗಾನಶ್ರೀಗೆ ಗೊತ್ತಿತ್ತು. ಹಿಂಬಾಗಿಲಿನಾಚೆ, ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲಿ ಒಂದು ಶೀಟಿನ ಕೋಣೆ. ತಿಂಗಳಿಗೆ ಮೂರು ದಿನ ಅವಳ ವಾಸ ಅಲ್ಲಿ.

ಇಚಿಲಂಪಾಡಿಯ ಹಳ್ಳಿಮನೆಯಿಂದ ಪುತ್ತೂರಿಗೆ ಬರುವಾಗ ಭಟ್ಟರು ಒರಳು ಬಿಟ್ಟರು, ಕಡೆಯುವ ಕಲ್ಲು ಬಿಟ್ಟರು. ಮೈಲಿಗೆಯನ್ನು ಮಾತ್ರ ಜೋಪಾನವಾಗಿ ತಂದು ಟೈಲ್ಸ್ ಹಾಕಿದ ಮನೆಯಲ್ಲಿ ಇಳಿಸಿದರು. ಹೊರಗೆ ಕೂತವಳು ಮುಟ್ಟಿದ ಚಾಪೆ ನೀರಿಗೆ, ಲೋಟ ನೀರಿಗೆ, ಬಟ್ಟೆ ನೀರಿಗೆ. ಮೊಬೈಲು ಮಾತ್ರ ನೀರಿಗಿಲ್ಲ. ಅದಕ್ಕೆ ವಿನಾಯಿತಿ ಕೊಟ್ಟ ಋಷಿ ಯಾರೆಂದು ಕೇಳಿದರೆ ಅತ್ತೆ ದೇವಕಿಯ ಉತ್ತರ ತಯಾರಿತ್ತು.

“ಅದು ಕರೆಂಟಿಂದಲ್ವಾ, ಅದಕ್ಕೆ ತಾಗುದಿಲ್ಲ.”

ಗಂಡ ವಿಷ್ಣುಪ್ರಸಾದನಿಗೆ ಬಸ್‌ಸ್ಟ್ಯಾಂಡಿನ ಹತ್ತಿರ ಮೆಡಿಕಲ್ ಶಾಪು. ಬೆಳಗಿನಿಂದ ಸಂಜೆಯವರೆಗೆ ಊರ ಹೆಂಗಸರಿಗೆ ಪ್ಯಾಡಿನ ಪ್ಯಾಕೆಟ್ಟನ್ನು ಪೇಪರಿನಲ್ಲಿ ಸುತ್ತಿ, ಕಪ್ಪು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಹಾಕಿ ಕೊಡುವವನು. ಮನೆಗೆ ಬಂದರೆ ಹೆಂಡತಿಯ ಬಟ್ಟಲನ್ನು ಹೊಸ್ತಿಲಿನಿಂದಲೇ ಆಚೆಗೆ ದೂಡುತ್ತಿದ್ದ. “ಮೂರು ದಿನ ಒಳ್ಳೆ ರೆಸ್ಟ್ ಅಲ್ವಾ ನಿಂಗೆ?” ಎಂಬ ಪ್ರೀತಿಯ ಮಾತು ಬೇರೆ.

ಗಾನಶ್ರೀ ರೆಸ್ಟ್ ಮಾಡಲಿಲ್ಲ. ಉಳಿದ ದಿನಗಳಲ್ಲಿ ಮನೆ ಅವಳ ಕೈಯನ್ನು ಬಿಡುತ್ತಿರಲಿಲ್ಲ, ಬಿಡುವು ಸಿಗುತ್ತಿದ್ದದ್ದು ಆ ಕೋಣೆಯಲ್ಲೇ. ಅಲ್ಲಿ ಕೂತು ಚಿತ್ರ ಬರೆದಳು. ‘ಅಜ್ಜನ ಮೂಗಿನ ಮೇಲಿನ ಊರು’ ಎಂಬ ಮಕ್ಕಳ ಚಿತ್ರಪುಸ್ತಕ ಹುಟ್ಟಿದ್ದು ಹಾಗೆ. ಮಲಗಿದ ಅಜ್ಜನ ಮೂಗನ್ನು ಗುಡ್ಡವೆಂದುಕೊಂಡು ಇಬ್ಬರು ಗೆಳತಿಯರು ಹತ್ತುತ್ತಾರೆ, ಅಲ್ಲಿ ಮನೆ ಕಟ್ಟುತ್ತಾರೆ, ಬಸ್ಸು ಓಡಿಸುತ್ತಾರೆ. ಒಬ್ಬಳಿಗೆ ಮಗಳು ಚಿನ್ಮಯೀಯ ಮುಖ, ಇನ್ನೊಬ್ಬಳಿಗೆ ಅವಳ ಕ್ಲಾಸಿನ ಫೌಝಿಯಾಳ ಮುಖ. ಮೂಗು ಯಾರದೆಂದು ಹೇಳಬೇಕಾಗಿಲ್ಲ. ಹಾಳೆಗಳೆಲ್ಲ ಕೋಣೆಯ ತಗಡಿನ ಪೆಟ್ಟಿಗೆಯಲ್ಲೇ ಇದ್ದು, ಅಲ್ಲಿಂದ ನೇರ ಪ್ರೆಸ್ಸಿಗೆ ಹೋದವು. ಯಾವಾಗ ಬರೆದೆ ಎಂದು ಯಾರೂ ಕೇಳಲಿಲ್ಲ. ಸೊಸೆಯ ಹೊತ್ತು ಹೇಗೆ ಹೋಗುತ್ತದೆಂದು ಯಾವ ಮನೆಯಲ್ಲಿ ಕೇಳುತ್ತಾರೆ?

ಪುಸ್ತಕ ಹೆಸರು ಮಾಡಿತು, ಭಟ್ಟರ ಎದೆ ಉಬ್ಬಿತು. ಅವಳ ಕೈಯ ಮೂಲಚಿತ್ರಗಳನ್ನು ಪ್ರೆಸ್ಸಿನಿಂದ ತಾವೇ ತಂದು, ಕೆಂಪು ರೇಷ್ಮೆಬಟ್ಟೆಯಲ್ಲಿ ಕಟ್ಟಿ ದೇವರ ಕೋಣೆಯಲ್ಲಿಟ್ಟರು. ಮೂರು ವರ್ಷದಿಂದ ನವರಾತ್ರಿಯ ಶಾರದಾ ಪೂಜೆಯಲ್ಲಿ ಪೀಠವೇರುವ ಮೊದಲ ಪುಸ್ತಕ ಆ ಕಟ್ಟೇ. ಎಲ್ಲಿ ಕೂತು ಬರೆದದ್ದೆಂದು ಗಾನಶ್ರೀ ಬಾಯಿ ಬಿಡಲಿಲ್ಲ. ಹೇಡಿತನ ಅನ್ನಿ. ಅವಳೂ ಆಮೇಲೆ ತನ್ನನ್ನು ಹಾಗೇ ಬೈದುಕೊಂಡಳು.

ಈ ಸಲ ಪೂಜೆಯ ಹಿಂದಿನ ದಿನ, ಹನ್ನೊಂದು ವರ್ಷದ ಚಿನ್ಮಯೀ ಹೊಟ್ಟೆನೋವೆಂದು ಶಾಲೆಯಿಂದ ಬೇಗ ಬಂದಳು. ಕುರ್ಚಿಯಿಂದ ಎದ್ದಾಗ ಲಂಗದ ಮೇಲೆ ಕಲೆ. ಮೊದಲು ನೋಡಿದ್ದು ಅಜ್ಜಿ.

“ಅಯ್ಯೋ ಎಂತ ಮಾಡಿದೆ ಮಾರಾಯ್ತಿ! ನಾಳೆ ಪೂಜೆ ಉಂಟು!”

ಮಗುವೇ ಪಂಚಾಂಗ ನೋಡಿ ದಿನ ಗೊತ್ತುಮಾಡಿದ ಹಾಗೆ! ಅವಳನ್ನು ಶೀಟಿನ ಕೋಣೆಗೆ ಅಟ್ಟಿ, ಬ್ಯಾಗು, ಪೆನ್ಸಿಲ್ ಡಬ್ಬಿ, ಕುರ್ಚಿಯ ಬಟ್ಟೆ ಎಲ್ಲವನ್ನೂ ಬಕೆಟ್ಟಿಗೆ ಹಾಕಿದರು. ಮೇಲಿನಿಂದ ಹದಿನಾರು ಪುಟದ ಒಂದು ಪುಸ್ತಕ. ಶುಕ್ರವಾರ ಫೌಝಿಯಾಳ ಹುಟ್ಟುಹಬ್ಬಕ್ಕೆಂದು ಚಿನ್ಮಯೀ ತಾನೇ ಬಣ್ಣ ಹಾಕಿ, ತಾನೇ ದಾರದಲ್ಲಿ ಹೊಲಿದದ್ದು. ಗಾನಶ್ರೀ ಅಡುಗೆಮನೆಯಿಂದ ಓಡಿ ಬರುವಾಗ ಅತ್ತೆ ಅದನ್ನು ಕೋಲಿನಿಂದ ಒತ್ತಿ ಮುಳುಗಿಸುತ್ತಿದ್ದರು. ಕಾಗದ ತೇಲುತ್ತದಲ್ಲ.

“ಅತ್ತೆ, ಅದು ಕಾಗದ!”

“ಅವಳು ಮುಟ್ಟಿದ್ದಲ್ವಾ? ನೀರು ತಾಗಿದ್ರೆ ಶುದ್ಧ ಆಗ್ತದೆ.”

ಶುದ್ಧವಾಯಿತು. ಬಕೆಟ್ಟಿನ ನೀರು ಮೊದಲು ನೀಲಿಯಾಗಿ, ಹಸುರಾಗಿ, ಕೊನೆಗೆ ಕೊಚ್ಚೆಯ ಬಣ್ಣಕ್ಕೆ ತಿರುಗಿತು. ಪುಟಗಳೆಲ್ಲ ಒಂದು ಮುದ್ದೆ. ಭಟ್ಟರು ಬಂದು ಬಗ್ಗಿ ನೋಡಿದರು. “ಹೋಗ್ಲಿ ಬಿಡು, ಮಕ್ಕಳು ಗೀಚಿದ್ದು, ಬೇರೆ ಮಾಡ್ತಾಳೆ” ಎಂದು ನಾಳಿನ ಭಾಷಣ ಬರೆಯಲು ಹೋದರು. ಫೋನಿನಲ್ಲಿ ಸಿಕ್ಕ ವಿಷ್ಣುಪ್ರಸಾದ, “ಸ್ಟಾಕ್ ಬಂದಿದೆ, ಮತ್ತೆ ಮಾತಾಡುವ” ಎಂದ.

ಸಂಜೆ ಗಾನಶ್ರೀ ಹೊಸ ಬಣ್ಣದ ಡಬ್ಬಿ ಹಿಡಿದು ಕೋಣೆಗೆ ಹೋದಳು. ಚಿನ್ಮಯೀ ಎರಡೂ ಕೈಗಳನ್ನು ಬೆನ್ನ ಹಿಂದೆ ಅಡಗಿಸಿದಳು.

“ಬೇಡಮ್ಮ. ನಾನು ಮುಟ್ಟಿದ್ರೆ ಇದನ್ನೂ ಮುಳುಗಿಸ್ತಾರೆ.”

“ನಾಲ್ಕನೇ ದಿನ ಬಿಡಿಸು ಮಗಾ.”

“ಇಲ್ಲ. ನಾನು ಇನ್ನು ಬಿಡಿಸುದೇ ಇಲ್ಲ.”

ಅಳಲಿಲ್ಲ. ಅದೇ ತಾಯಿಗೆ ಹೆದರಿಕೆ ಹುಟ್ಟಿಸಿತು. ಗೋಡೆ, ಕ್ಯಾಲೆಂಡರು, ಎಲ್ಲೆಂದರಲ್ಲಿ ಚಿತ್ರ ಬರೆಯುತ್ತಿದ್ದ ಮಗು ಒಂದೇ ದಿನದಲ್ಲಿ ತನ್ನ ಕೈಗೆ ತಾನೇ ಹೇಸಲು ಕಲಿತಿತ್ತು. ಮೂವತ್ತು ವರ್ಷದಲ್ಲಿ ಭಟ್ಟರು ಯಾರಿಗೂ ಇಷ್ಟು ಬೇಗ ಏನನ್ನೂ ಕಲಿಸಿರಲಾರರು.

ಮರುದಿನ ಬೆಳಿಗ್ಗೆ ಹಜಾರದ ತುಂಬ ಜನ. ಭಟ್ಟರ ಜೊತೆ ಸಭೆಗಳಲ್ಲಿ ಕೂರುವ ಉದಯಶಂಕರ ಮಾಸ್ಟ್ರು ಮುಂದೆಯೇ ಇದ್ದರು, ನೆರೆಮನೆಯ ಮಕ್ಕಳೆಲ್ಲ ಬಂದಿದ್ದರು. ಭಟ್ಟರು ರೇಷ್ಮೆಯ ಕಟ್ಟನ್ನು ಎರಡೂ ಕೈಯಲ್ಲಿ ಎತ್ತಿಹಿಡಿದು, “ನಮ್ಮ ಸೊಸೆಯ ಕೈಯಲ್ಲಿ ಸಾಕ್ಷಾತ್ ಸರಸ್ವತಿ ಇದ್ದಾಳೆ” ಎಂದು ಶುರುಮಾಡಿದರು. ಆಗ ಆ ಸೊಸೆ ಹಿಂಬಾಗಿಲಿನಿಂದ ಮಗಳ ತೋಳು ಹಿಡಿದು ಒಳಗೆ ಬಂದಳು.

“ಗಾನಶ್ರೀ! ಅವಳು ಹೊರಗೆ! ದೇವರ ಎದುರು!” ದೇವಕಿ ಚೀರಿದರು.

“ಮಾವ, ಒಂದು ವಿಷಯ ಹೇಳ್ಲಿಕ್ಕುಂಟು. ನಿಮ್ಮ ಕೈಯಲ್ಲಿರುವ ಚಿತ್ರ ಎಲ್ಲ ನಾನು ಬಿಡಿಸಿದ್ದು ಶೀಟಿನ ಕೋಣೇಲಿ. ಹೊರಗೆ ಕೂತ ದಿನಗಳಲ್ಲೇ. ಒಂದು ಹಾಳೆಯೂ ಬೇರೆ ದಿನದ್ದಲ್ಲ.”

“ಎಂತ ಹೇಳ್ತಾ ಇದ್ದಿ ನೀನು? ಎಲ್ಲರ ಎದುರು?” ಭಟ್ಟರು ಗದರಿದರು.

“ಮೂರು ವರ್ಷ ದೇವರು ಪೀಠದಲ್ಲಿ ಇಟ್ಕೊಂಡ್ರು, ಸಿಟ್ಟು ಮಾಡ್ಲಿಲ್ಲ. ಇದು ಶುದ್ಧ ಅಂತಾದ್ರೆ ಮಗಳ ಪುಸ್ತಕ ಎಂತಕ್ಕೆ ಮುಳುಗಿಸಿದ್ದು? ಅಶುದ್ಧ ಅಂತಾದ್ರೆ ಬಕೆಟ್ ಅಲ್ಲೇ ಉಂಟು.”

“ಹಿರಿಯರು ಸುಮ್ನೆ ಮಾಡ್ಲಿಲ್ಲ. ಹೆಂಗಸರಿಗೆ ವಿಶ್ರಾಂತಿ ಸಿಗ್ಲಿ ಅಂತ…”

“ವಿಶ್ರಾಂತಿಗಾದ್ರೆ ಮಂಚ ಸಾಕಲ್ವಾ ಮಾವ? ಕೋಲು ಎಂತಕ್ಕೆ? ನೀವು ವಿಜ್ಞಾನ ಕಲಿಸಿದವರು, ಹೇಳಿ. ಇವಳು ಇನ್ನು ಆ ಕೋಣೆಗೆ ಹೋಗುದಿಲ್ಲ. ನಾನೂ ಇಲ್ಲ.”

ವಿಷ್ಣುಪ್ರಸಾದ ಮೊಬೈಲು ನೋಡುತ್ತಿದ್ದ. ಅದಕ್ಕೆ ಯಾವುದೂ ತಾಗುವುದಿಲ್ಲವಲ್ಲ.

ಭಟ್ಟರ ಪಾಡು ನೋಡುವಂತಿತ್ತು. ಕಟ್ಟನ್ನು ಪೀಠದ ಮೇಲಿಡುವ ಹಾಗಿಲ್ಲ, ಮೈಲಿಗೆ. ನೆಲದ ಮೇಲಿಡುವ ಹಾಗಿಲ್ಲ, ಪುಸ್ತಕ ಕಾಲಿಗೆ ತಾಗಿದರೆ ಪಾಪ. ಬಕೆಟ್ಟಿಗೆ ಹಾಕೋಣವೆಂದರೆ ಉದಯಶಂಕರ ಮಾಸ್ಟ್ರು ಕಣ್ಣು ಮಿಟುಕಿಸದೆ ನೋಡುತ್ತಿದ್ದಾರೆ. ಎತ್ತಿಹಿಡಿದ ಕೈ ಎತ್ತಿದಲ್ಲೇ ಉಳಿಯಿತು.

ಚಿನ್ಮಯೀ ತಾಯಿಯ ಮುಖ ನೋಡಿದಳು. “ನಿಜವಾ ಅಮ್ಮ? ಇಡೀ ಪುಸ್ತಕ?”

“ಇಡೀ ಪುಸ್ತಕ.”

ಬೆನ್ನ ಹಿಂದಿನ ಕೈಗಳು ಮೆಲ್ಲಗೆ ಮುಂದೆ ಬಂದವು.

“ಅಜ್ಜ, ಕೈ ನೋಯ್ತದಾ? ನಂಗೆ ಕೊಡಿ.”

ಬೇರೆ ದಾರಿಯಿರಲಿಲ್ಲ, ಕೊಟ್ಟರು. ಅವಳು ಹಜಾರದ ನಡುವೆ ಕೂತು ರೇಷ್ಮೆಯ ಗಂಟು ಬಿಚ್ಚಿದಳು. ಮಕ್ಕಳೆಲ್ಲ ಸುತ್ತ ಮುತ್ತಿದರು. ಮೊದಲ ಹಾಳೆಯ ಅಜ್ಜನನ್ನು ನೋಡಿದಳು, ತಲೆಯೆತ್ತಿ, ಎದುರು ನಿಂತಿದ್ದ ಅಜ್ಜನನ್ನು ನೋಡಿದಳು.

“ಅಮ್ಮ, ಪೆನ್ಸಿಲ್ ಕೊಡು,” ಎಂದಳು. “ಇಲ್ಲಿ ಅಜ್ಜನ ಮೂಗು ಸಣ್ಣ ಆಯ್ತು.”