ಬೆಳೆಯುವುದನ್ನು ನೋಡಿಕೊಳ್ಳುವ ಕೆಲಸ

ಪ್ರಾಂಶುಪಾಲರು ಕಾಲೇಜಿನ ಮಾಲಿಯನ್ನು ಕೋಣೆಗೆ ಕರೆಸುವುದೇ ಅಪರೂಪ. ಕರೆಸಿದರೂ ಮಾತು ಬಾಗಿಲ ಬಳಿಯೇ ಮುಗಿಯುತ್ತಿತ್ತು. ಅಂದು ಮಾತ್ರ ಕುರ್ಚಿ ತೋರಿಸಿದರು. ಮಣ್ಣಾದ ಪ್ಯಾಂಟಿನಲ್ಲಿ ಕೂರುವುದೋ ಬೇಡವೋ ಎಂದು ಅವನು ಹಿಂದೆ ಮುಂದೆ ನೋಡುತ್ತಿರುವಾಗ, ಅಲ್ಲಿ ನಿಂತಿದ್ದ ವಿದ್ಯಾರ್ಥಿಗಳ ನಡುವೆ ತನ್ನ ಮಗಳು ಕಂಡಳು. ಅದೇ ಕಾಲೇಜಿನಲ್ಲಿ ಎರಡನೇ ವರ್ಷ ಓದುತ್ತಿದ್ದವಳು. ಬೆಳಿಗ್ಗೆ ಇಬ್ಬರೂ ಒಂದೇ ಬಸ್ಸಿನಲ್ಲಿ ಬಂದಿದ್ದರು, ಅವಳು ತುಟಿಪಿಟಕ್ಕೆಂದಿರಲಿಲ್ಲ.

"ನೋಡಿ, ಇವತ್ತಿನಿಂದ ಮುಂದಿನ ಲಾನ್ ಕತ್ತರಿಸೋದು ಬೇಡ," ಎಂದರು ಪ್ರಾಂಶುಪಾಲರು. "ಪರಿಸರ ಸಂಘದ ಮಕ್ಕಳು ಕೇಳ್ಕೊಂಡಿದ್ದಾರೆ. ಮಷೀನಿಗೆ ಪೆಟ್ರೋಲು ದಂಡ, ಹುಲ್ಲಿಗೆ ನೀರು ದಂಡ. ಹಾಗೇ ಬಿಟ್ರೆ ಚಿಟ್ಟೆ, ಜೇನು ಎಲ್ಲಾ ಬರುತ್ತಂತೆ."

"ಹಾಗಾದ್ರೆ ನಾನೇನ್ ಮಾಡ್ಲಿ ಸಾರ್?"

ಪ್ರಾಂಶುಪಾಲರು ಮಕ್ಕಳ ಮುಖ ನೋಡಿದರು. ಮಕ್ಕಳು ಮಾಲಿಯ ಮಗಳ ಮುಖ ನೋಡಿದರು. ಅವಳು ಕಿಟಕಿಯ ಕಡೆ ನೋಡಿದಳು.

"ನೀವು ನೋಡ್ಕೊಳಿ."

"ಏನನ್ನ ಸಾರ್?"

"ಅದು ಬೆಳೆಯೋದನ್ನ."

ಹುಲ್ಲಿಗೇನು, ಬೆಳೆಯಿತು. ಮೊದಲು ಪಾದ ಮುಚ್ಚಿತು, ಆಮೇಲೆ ಮೊಣಕಾಲು ಮುಟ್ಟಿತು. ಮಾಲಿ ಬೆಳಿಗ್ಗೆ ಬಂದು ಮಷೀನಿನ ಧೂಳು ಒರೆಸುತ್ತಿದ್ದ, ಹೂಕುಂಡಗಳಿಗೆ ನೀರು ಹಾಕುತ್ತಿದ್ದ, ಆಮೇಲೆ ಹುಲ್ಲಿನ ಪಕ್ಕ ನಿಲ್ಲುತ್ತಿದ್ದ. ಕೈಗಳನ್ನು ಎಲ್ಲಿಡಬೇಕೆಂದೇ ತಿಳಿಯುತ್ತಿರಲಿಲ್ಲ. ಬೆನ್ನ ಹಿಂದೆ ಕಟ್ಟಿಕೊಂಡರೆ ಮೇಲಧಿಕಾರಿಯಂತೆ ಕಾಣುತ್ತಿದ್ದ, ಜೇಬಿಗೆ ಹಾಕಿಕೊಂಡರೆ ಸೋಮಾರಿಯಂತೆ. "ಏನಪ್ಪಾ, ಕೆಲಸಕ್ಕೆ ಚಕ್ಕರ್ ಹೊಡೀತಿದ್ದೀಯಾ?" ಎಂದು ಕಚೇರಿಯ ಗುಮಾಸ್ತ ಹಾದುಹೋಗುವಾಗಲೆಲ್ಲ ಕೇಳುತ್ತಿದ್ದ. 'ಇಲ್ಲಿ ಹುಲ್ಲನ್ನು ಬೇಕೆಂದೇ ಬೆಳೆಸಲಾಗಿದೆ' ಎಂದು ಸಂಘದವರು ಫಲಕ ನೆಟ್ಟರು. ಗುಮಾಸ್ತ ಅದನ್ನು ಪೂರ್ತಿ ಓದಿ, ಮತ್ತೆ ಅದನ್ನೇ ಕೇಳಿದ.

ಒಂದು ಸಂಜೆ ಊಟಕ್ಕೆ ಕೂತಾಗ ಮಾಲಿಗೆ ತಡೆಯಲಾಗಲಿಲ್ಲ.

"ಇಷ್ಟು ವರ್ಷ ನಾನು ಮಾಡಿದ್ದು ತಪ್ಪೇನಮ್ಮಾ?"

"ತಪ್ಪು ಅಂತಲ್ಲಪ್ಪಾ," ಎಂದಳು ಮಗಳು.

"ಹಾಗಾದ್ರೆ ಸರಿನಾ?"

"ಸರಿ ಅಂತಾನೂ ಅಲ್ಲ."

"ತಂದೆ ಮಗಳು ಸೇರಿ ನನ್ನ ತಲೆ ತಿನ್ನೋ ಬದಲು ತಟ್ಟೇಲಿರೋದನ್ನ ತಿನ್ನಿ," ಎಂದಳು ಅವನ ಹೆಂಡತಿ. ಹೊಲಿಗೆಯಂತ್ರದ ಮುಂದೆ ಹಗಲೆಲ್ಲ ಕೂತು ಬೆನ್ನು ಬಿದ್ದುಹೋದ ಅವಳಿಗೆ, ಸುಮ್ಮನೆ ನಿಲ್ಲುವುದಕ್ಕೆ ಸಂಬಳ ಕೊಟ್ಟರೆ ಗಂಡನಿಗೇಕೆ ಸಂಕಟ ಎಂಬುದು ಅರ್ಥವೇ ಆಗಿರಲಿಲ್ಲ.

ಆ ವಾರವೇ ಹುಲ್ಲಿನ ನಡುವೆ ಅಲ್ಲೊಂದು ಇಲ್ಲೊಂದು ಹಳದಿ ಹೂ ಕಾಣಿಸಿಕೊಂಡಿತು. ಉಗುರಿನಷ್ಟು ಸಣ್ಣದು. ಮಾಲಿ ನೆಟ್ಟಿದ್ದಲ್ಲ, ಅದರ ಹೆಸರೂ ಅವನಿಗೆ ಗೊತ್ತಿರಲಿಲ್ಲ. ಅಂದರೆ ಇಷ್ಟು ಕಾಲವೂ ಅದು ಇಲ್ಲೇ ಇತ್ತು. ಹೂ ಬಿಡುವ ಮೊದಲೇ ತಾನು ಪ್ರತಿ ಸಲ ಅದರ ತಲೆ ತೆಗೆದಿದ್ದೆ ಎಂಬುದು ಅವನಿಗೆ ಆಗ ಹೊಳೆಯಿತು. ಆದದ್ದು ಬೇಸರವೋ, ಖುಷಿಯೋ, ಅವನಿಗೇ ತಿಳಿಯಲಿಲ್ಲ.

ಅಷ್ಟರಲ್ಲಿ ಆಡಳಿತ ಮಂಡಳಿಯ ಅಧ್ಯಕ್ಷರು ಬರುತ್ತಾರೆಂಬ ಸುದ್ದಿ ಬಂತು. ಪ್ರಾಂಶುಪಾಲರು ಮೆಟ್ಟಿಲ ಮೇಲೆ ಮಾಲಿಯನ್ನು ತಡೆದು ನಿಲ್ಲಿಸಿದರು.

"ನಾಳೆಯೊಳಗೆ ಮುಂದುಗಡೆ ಸ್ವಲ್ಪ ಅಚ್ಚುಕಟ್ಟು ಮಾಡ್ಬಿಡಿ."

"ಕತ್ತರಿಸ್ಬಿಡ್ಲಾ ಸಾರ್?"

"ಅಯ್ಯೋ, ಕತ್ತರಿಸ್ಬೇಡಿ. ಮಕ್ಕಳು ಗಲಾಟೆ ಮಾಡ್ತಾರೆ. ಅಚ್ಚುಕಟ್ಟು ಮಾಡಿ ಅಷ್ಟೇ."

ಮಾಲಿ ಬಹಳ ಹೊತ್ತು ತಲೆ ಕೆರೆದುಕೊಂಡ. ಕೊನೆಗೆ, ಆದದ್ದಾಗಲಿ ಎಂದು ಮಷೀನು ಹೊರಗೆಳೆದ. ಗೇಟಿನ ಕಡೆಯಿಂದ ಶುರು ಮಾಡಿದ. ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಹಳದಿ ಹೂ ಎದುರಾಯಿತು, ಎಡಕ್ಕೆ ತಿರುಗಿಸಿದ. ಅಲ್ಲೂ ಹೂ; ಬಲಕ್ಕೆ ತಿರುಗಿಸಿದ. ಇಡೀ ವೃತ್ತಿಯಲ್ಲಿ ಗೆರೆ ಎಳೆದಂತೆ ನೆಟ್ಟಗೆ ಕತ್ತರಿಸಿದವನು ಅಂದು ಕುಡಿದವನ ಹಾಗೆ ಹುಲ್ಲಿನಲ್ಲಿ ಅಡ್ಡಾದಿಡ್ಡಿ ಹೋದ.

ಸದ್ದು ಕೇಳಿ ಮಗಳು ತರಗತಿಯಿಂದ ಓಡಿ ಬಂದು ಮಷೀನಿಗೆ ಅಡ್ಡ ನಿಂತಳು. ಹಿಂದೆ ಸಂಘದವರೆಲ್ಲ ಇದ್ದರು.

"ಅಪ್ಪಾ! ಏನ್ ಮಾಡ್ತಿದ್ದೀಯ?"

ಅವನು ಮಷೀನು ಆರಿಸಿದ. "ನಂಗೇ ಗೊತ್ತಿಲ್ಲ ಕಣಮ್ಮಾ."

ಬೈಯಲು ಬಾಯಿ ತೆರೆದವಳ ಕಣ್ಣು ಅವನ ಹಿಂದಿದ್ದ ಡೊಂಕು ದಾರಿಯ ಮೇಲೆ ಬಿತ್ತು. ಬೈಯಬೇಕಾದದ್ದು ಕತ್ತರಿಸಿದ್ದಕ್ಕೋ, ಕತ್ತರಿಸದೆ ಬಿಟ್ಟದ್ದಕ್ಕೋ? ಸ್ನೇಹಿತರತ್ತ ತಿರುಗಿದಳು. ಅವರೂ ಭುಜ ಕುಣಿಸಿದರು.

ಮಾರನೆಯ ದಿನ ಅಧ್ಯಕ್ಷರು ಬಂದರು, ಕಿವಿಗೆ ಫೋನು ಒತ್ತಿಕೊಂಡೇ ಕಾರಿನಿಂದ ಇಳಿದು ಸಭಾಂಗಣಕ್ಕೆ ನಡೆದರು. ಹುಲ್ಲಿನ ಕಡೆ ಕತ್ತು ಕೂಡ ತಿರುಗಿಸಲಿಲ್ಲ.

ಆದರೆ ಡೊಂಕು ದಾರಿಯಲ್ಲಿ ಮಕ್ಕಳು ನಡೆಯತೊಡಗಿದರು. ಇನ್ನೊಂದು ಬೇಕು ಎಂದರು ಕೆಲವರು. ಇದೇ ಹೆಚ್ಚಾಯಿತು ಎಂದರು ಸಂಘದ ಕೆಲವರು. ಮಗಳು ಮನೆಯಲ್ಲಿ ಸರಿಯಾಗಿ ಮಾತಾಡುತ್ತಿರಲಿಲ್ಲ. ಶನಿವಾರ ಬಸ್ಸಿನಲ್ಲಿ ಇದ್ದಕ್ಕಿದ್ದಂತೆ, "ಇವತ್ತು ನಮ್ಮ ಮೀಟಿಂಗಿಗೆ ಬಾ," ಎಂದಳು.

"ನಾನ್ ಬಂದು ಏನಮ್ಮಾ ಹೇಳ್ಲಿ? ನಂಗೇನೂ ತಿಳಿಯಲ್ಲ."

"ನಮಗೂ ತಿಳೀತಿಲ್ಲಪ್ಪಾ. ಅದಕ್ಕೇ ಕರೀತಿರೋದು."

ಮಾಲಿ ಮೊದಲ ಸಲ ತರಗತಿಯ ಬೆಂಚಿನ ಮೇಲೆ ಕೂತ. ಮಂಡಿ ಮೇಜಿಗೆ ತಾಗುತ್ತಿತ್ತು. ಚರ್ಚೆ ಕಾವೇರಿತು, ಹೂವಿನ ಹೆಸರಿನ ಬಗ್ಗೆಯೇ ಇಬ್ಬರು ಜಗಳವಾಡಿದರು. ಕೊನೆಗೆ ಮಗಳು ಎದ್ದು ನಿಂತಳು. "ದಾರಿಯ ಹುಲ್ಲನ್ನ ಆಗಾಗ ಕತ್ತರಿಸ್ತಿರ್ಬೇಕು ಅನ್ನೋರು ಕೈ ಎತ್ತಿ."

ಮಾಲಿ ಕೈ ಎತ್ತಿದ.

"ಪೂರ್ತಿ ಹಾಗೇ ಬಿಡ್ಬೇಕು ಅನ್ನೋರು?"

ಅದಕ್ಕೂ ಎತ್ತಿದ. ಎಲ್ಲರೂ ಗೊಳ್ಳೆಂದು ನಕ್ಕರು.

"ಅಪ್ಪಾ, ಯಾವುದಾದ್ರೂ ಒಂದಕ್ಕೆ."

"ಎರಡೂ ಸರಿ ಅನ್ಸುತ್ತಲ್ಲಮ್ಮಾ," ಎಂದ ಅವನು, ಎತ್ತಿದ ಕೈ ಇಳಿಸದೆ. "ನೀನು ಯಾವುದಕ್ಕೆ ಎತ್ತಿದೆ?"

ಅವಳು ಎರಡಕ್ಕೂ ಎತ್ತಿರಲಿಲ್ಲ. ಕೆನ್ನೆ ಕೆಂಪಾಯಿತು. ದಾರಿ ಇರಲಿ, ಉಳಿದದ್ದನ್ನು ಬೀಜ ಉದುರುವವರೆಗೂ ಮುಟ್ಟುವುದು ಬೇಡ ಎಂದು ಸಭೆ ಹೇಗೋ ಒಪ್ಪಿತು. ಬೀಜ ಯಾವಾಗ ಉದುರುತ್ತದೆ ಎಂದು ಯಾರೋ ಕೇಳಿದರು. ಎಲ್ಲರೂ ಮಾಲಿಯ ಕಡೆ ನೋಡಿದರು. ಅವನು ತನ್ನ ಹಿಂದೆ ಯಾರಾದರೂ ಕೂತಿದ್ದಾರೇನೋ ಎಂದು ತಿರುಗಿ ನೋಡಿದ.