ಶಂಕ್ರೆವ್ವನ ಹೆಸರು ಊರಾಡಲು ಹೋದದ್ದು

ತಿಕೋಟಾದ ಆ ಓಣಿಯಲ್ಲಿ ಶಂಕ್ರೆವ್ವನ ಮನೆಯ ವಸ್ತುಗಳು ಮನೆಯಲ್ಲಿರುವುದೇ ಅಪರೂಪ. ಏಣಿ ಒಬ್ಬರಲ್ಲಿ, ದೊಡ್ಡ ಬೋಗುಣಿ ಇನ್ನೊಬ್ಬರಲ್ಲಿ. ಹೀಗಾಗಿ ಮಗ್ಗುಲ ಮನೆಯ ವಿಜಯಲಕ್ಷ್ಮೀ ಬಂದು ಅವಳ ಹೆಸರನ್ನೇ ಕಡ ಕೇಳಿದಾಗ ಅಂಥ ಆಶ್ಚರ್ಯವೇನೂ ಆಗಲಿಲ್ಲ.

“ರೊಕ್ಕ ಕೇಳಾಕತ್ತಿಲ್ಲ ಯಕ್ಕಾ. ಹೆಣ್ಮಕ್ಕಳ ಸಾಲದ ಗುಂಪಿನ್ಯಾಗ ನಿನ್ನ ಹೆಸರ್ಲೆ ಒಂದು ಸಾಲ ತಗಿ, ಕಂತು ನಾ ತುಂಬತೀನಿ. ನನ್ನ ಹೆಸರಿನ್ಯಾಗ ಆಗ್ಲೇ ಮೂರು ಸಾಲ ಅದಾವು, ಮತ್ತ ಕೊಡವಲ್ರು.”

“ಈ ರೊಕ್ಕ ಯಾತಕ್ಕವ್ವಾ?”

“ಆ ಮೂರರ ಕಂತು ತುಂಬಾಕ.”

ಕಟ್ಟೆಯ ಮೇಲಿದ್ದ ಗಂಡ ಶಿವಶರಣಪ್ಪ ಕುಳಿತಲ್ಲಿಂದಲೇ ಅಂದ: “ಕೊಟ್ಟಬಿಡ. ಹೆಸರೇನು ಸವೀತೈತೇನು?” ತನ್ನ ಎಲೆಯಡಿಕೆ ಸಂಚಿಯನ್ನು ಯಾರಿಗೂ ಬಿಚ್ಚದ ಮನುಷ್ಯ, ಹೆಂಡತಿಯ ಹೆಸರಿನ ವಿಷಯದಲ್ಲಿ ಕರ್ಣನಾಗಿದ್ದ.

ಮರುದಿನ ಒಣದ್ರಾಕ್ಷಿ ಶೆಡ್ಡಿನಲ್ಲಿ ಕಡ್ಡಿ ಆರಿಸುತ್ತ ಶಂಕ್ರೆವ್ವ ಇದನ್ನು ಗೆಳತಿ ಸಬೀರಾಳಿಗೆ ಹೇಳಿದಳು. ಸಬೀರಾಳ ಕೈ ನಿಂತಿತು.

“ಬ್ಯಾಂಕಿನ್ಯಾಗ ರೊಟ್ಟಿ ಮಷೀನಿಗಿ ಸಾಲ ಕೇಳಾಕಿ ಇದ್ದೆಲ್ಲ ಬೇ?”

“ಅದು ಬ್ಯಾರೆ, ಇದು ಬ್ಯಾರೆ.”

“ಬ್ಯಾಂಕಿನವ್ರಿಗೆ ಎರಡೂ ನಿಂದ. ಯಾರು ಸಹಿ ಮಾಡ್ತಾರೋ ಅವ್ರದ ಸಾಲ. ಕಂತು ತಪ್ಪಿದ್ರ ನಿನ್ನ ಬಾಗಿಲಿಗೆ ಬರ್ತಾರು. ನಮ್ಮಕ್ಕ ಅಬೇದಾಗ ಹಂಗ ಆತು, ಬ್ಯಾರೆಯಾಕಿಗೆ ಹೆಸರು ಕೊಟ್ಟಿದ್ಲು. ಹೊಲಿಗಿ ಮಷೀನಿಗೆ ಸಾಲ ಕೇಳಾಕ ಹೋದ್ರ, ‘ನಿಮ್ಮ ಹೆಸರಿನ್ಯಾಗ ಹಳೇ ಬಾಕಿ ಐತಿ’ ಅಂದ್ರು. ಆ ರೊಕ್ಕದ ಮಾರಿ ಸೈತ ನೋಡಿದ್ದಿಲ್ಲ ಆಕಿ.”

“ವಿಜಯಲಕ್ಷ್ಮೀ ಮೋಸ ಮಾಡಾಕಿ ಅಲ್ಲ ಬಿಡ.”

“ಅಬೇದಾಗ ಕೇಳಿದಾಕೀನೂ ಒಳ್ಳೇಕಿನ. ಒಳ್ಳೇವ್ರಿಗೂ ರೊಕ್ಕ ಕಮ್ಮಿ ಬೀಳತೈತಿ.”

ಬುತ್ತಿ ಉಂಡು ಶಂಕ್ರೆವ್ವ ಅಲ್ಲೇ ಅಡ್ಡಾದಳು. ಹಸಿರು ಪರದೆಯಿಂದ ಸೋಸಿದ ಬಿಸಿಲು ಕೆರೆಯ ತಳದಂತೆ ತಣ್ಣಗಿತ್ತು. ಮೇಲೆ ಅಟ್ಟಣಿಗೆಗಳಲ್ಲಿ ದ್ರಾಕ್ಷಿ ಸದ್ದಿಲ್ಲದೆ ಸುಕ್ಕಾಗುತ್ತಿತ್ತು. ಕಣ್ಣೆಳೆಯುವಷ್ಟರಲ್ಲಿ ಅವಳ ಹೆಸರು ಎದ್ದು ಸೆರಗು ಸರಿಮಾಡಿಕೊಂಡು ಹೊರಟೇಬಿಟ್ಟಿತು. ವಿಜಯಪುರದ ಬಸ್ಸು ಹತ್ತಿ, ಕಿಟಕಿ ಪಕ್ಕ ಕುಳಿತು, ಗುರುತಿಲ್ಲದ ಮನೆಗಳಲ್ಲಿ ಉಂಡು, ಗುರುತಿಲ್ಲದವರೊಡನೆ ನಕ್ಕಿತು. ಶಂಕ್ರೆವ್ವಾ ಎಂದು ಕೂಗಿದರೆ ತಿರುಗಿಯೂ ನೋಡಲಿಲ್ಲ. ಆಮೇಲೆ ಬ್ಯಾಂಕು. ಮೇಜಿನಾಚೆ ಯಾರೋ ಕೇಳಿದರು, “ನಿಮ್ಮ ಹೆಸರೇನ್ರಿ?” ಅವಳು ಬಾಯಿ ತೆರೆದಳು. ಹೇಳಲು ಏನೂ ಉಳಿದಿರಲಿಲ್ಲ.

ಬೆವೆತು ಎದ್ದಳು.

ಸಂಜೆ ತಾನೇ ವಿಜಯಲಕ್ಷ್ಮೀಯ ಬಾಗಿಲಿಗೆ ಹೋದಳು. “ಸಹಿ ಮಾಡಾಕ ಆಗೂದಿಲ್ಲವ್ವಾ.”

“ಏಣಿ ಕೇಳಿದ್ರ ಕೊಡ್ತಿದ್ದಿ. ಹೆಸರಿಗೆ ಯಾಕ ಹಿಂದ ಸರದಿ?”

“ಏಣಿ ಮುರದ್ರ ಬಡಗ್ಯಾರ ಅದಾರ. ಸಾಲ ತೀರಸಾಕ ಮತ್ತೊಂದು ಸಾಲ ಯಾಕ? ನಾಳಿಗಿ ಸಬೀರಾನ ಕರಕೊಂಡು ಬರ್ತೀನಿ. ನಾವು ಮೂವರೂ ಕೂಡಿ ಸಾಲ ಕೊಟ್ಟವ್ರ ಕಚೇರಿಗೆ ಹೋಗೂಣು. ಕಂತು ಸಣ್ಣದು ಮಾಡ್ರಿ, ಮುದ್ದತ ಹೆಚ್ಚು ಮಾಡ್ರಿ ಅಂತ ಬರದು ಕೊಟ್ಟು ಕೇಳೂಣು.”

ವಿಜಯಲಕ್ಷ್ಮೀ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಒಬ್ಬಾಕಿ ಹೋಗಾಕ ಅಂಜಿಕಿ ಆಗಿತ್ತು ಯಕ್ಕಾ. ನೀ ಬರ್ತೀ ಅಂದ್ರ ಹೋಗೂಣು.”

ವಿಷಯ ತಿಳಿದ ಶಿವಶರಣಪ್ಪ, “ನಾನೂ ಅದನ್ನ ಅಂದಿದ್ದೆ” ಎಂದ. ಯಾರೂ ಅಲ್ಲವೆನ್ನಲಿಲ್ಲ. ಒಪ್ಪಿದನಲ್ಲ, ಸಾಕು.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಬೇರೆಯವರಿಗಾಗಿ ನಿಮ್ಮ ಹೆಸರಿನಲ್ಲಿ ಸಾಲ ತೆಗೆಯಬೇಡಿ, ಕೇಳುವವರು ಎಷ್ಟೇ ಬೇಕಾದವರಿರಲಿ. ನಿಮ್ಮ ಹೆಸರಿನಲ್ಲಿ ಯಾವ ಯಾವ ಸಾಲವಿದೆ ಎಂಬ ವರದಿಯನ್ನು ವರ್ಷಕ್ಕೊಮ್ಮೆ ಉಚಿತವಾಗಿ ಪಡೆಯಬಹುದು. ಹೇಗೆಂದು ಬ್ಯಾಂಕಿನಲ್ಲಿ ಕೇಳಿ. ಕಂತು ಭಾರವಾಗಿದ್ದರೆ ತಪ್ಪುವ ಮೊದಲೇ ಸಾಲ ಕೊಟ್ಟವರ ಬಳಿ ಹೋಗಿ ಮಾತಾಡಿ. ಒಬ್ಬರೇ ಹೋಗಲು ಅಂಜಿಕೆಯೇ? ಪಕ್ಕದ ಮನೆಯ ಬಾಗಿಲು ತಟ್ಟಿ, ಜೊತೆಗೆ ಬನ್ನಿ ಎಂದು ಕೇಳಿ.